ಕೊಲೆಯೂ ಇಲ್ಲ, ಗುಂಡೂ ಇಲ್ಲ: ಬೋಟ್ಸ್ವಾನಾದ ಈ ಪತ್ತೇದಾರಿಣಿಯನ್ನು ಜನ ಯಾಕೆ ಬಿಡುತ್ತಿಲ್ಲ?

ನಮಸ್ಕಾರ. ಪತ್ತೇದಾರಿ ಕಾದಂಬರಿಗಳ ಬಗ್ಗೆ ಹಿಂದೆ ಮಾತಾಡಿದಾಗ ನಿಮ್ಮಲ್ಲಿ ಒಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಬಿಟ್ಟಿದೆ. "ಕಥೆಯಲ್ಲಿ ಹೆಣ ಬೀಳುವುದೇ ಅಪರೂಪ. ಪತ್ತೇದಾರಿಣಿ ಕೂತು ಚಹಾ ಕುಡಿಯುತ್ತಾಳೆ. ಇಂಥದ್ದು ಇಪ್ಪತ್ತಕ್ಕೂ ಜಾಸ್ತಿ ಪುಸ್ತಕ ಬಂದಿವೆ. ಜನ ಅದರಲ್ಲಿ ಏನು ಕಂಡಿದ್ದಾರೆ?"

ಅವರು ಕೇಳಿದ್ದು 'ದಿ ನಂಬರ್ 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ' ಸರಣಿಯ ಬಗ್ಗೆ. ನನಗೆ ತುಂಬಾ ಇಷ್ಟವಾದ ಸರಣಿ. ಮೊದಲ ಪುಸ್ತಕದ ಕೆಲವು ಗುಟ್ಟು ಈ ವಿಡಿಯೋದಲ್ಲಿ ಬಯಲಾಗುತ್ತವೆ. ಬೇಡ ಅನ್ನುವವರು ಓದಿಕೊಂಡು ಬನ್ನಿ.

[ಪರದೆಯ ಮೇಲೆ: ಆಫ್ರಿಕಾದ ನಕ್ಷೆ, ಬೋಟ್ಸ್ವಾನಾ ಬಣ್ಣದಲ್ಲಿ]

ಪರಿಚಯ ಬೇಗ ಮುಗಿಸುತ್ತೇನೆ. ಬರೆದವರು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್. 1948ರಲ್ಲಿ ಹುಟ್ಟಿದ್ದು ಬುಲವಾಯೊದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ. ಎಡಿನ್‌ಬರೊದಲ್ಲಿ ವೈದ್ಯಕೀಯ ಕಾನೂನಿನ ಪ್ರೊಫೆಸರ್ ಆಗಿದ್ದವರು. 1980ರ ದಶಕದ ಶುರುವಿನಲ್ಲಿ ಬೋಟ್ಸ್ವಾನಾದಲ್ಲಿದ್ದು ಕಾನೂನು ಕಲಿಸಿದರು. ಸರಣಿಯ ಮೊದಲ ಪುಸ್ತಕ ಬಂದಿದ್ದು 1998ರಲ್ಲಿ. ನಾಯಕಿ ಪ್ರೆಷಸ್ ರಮೋತ್ಸ್ವೆ, ಈ ಏಜೆನ್ಸಿ ನಡೆಸುವ ಪತ್ತೇದಾರಿಣಿ. ಊರು ಮೊಚುಡಿ, ಕಚೇರಿ ರಾಜಧಾನಿ ಗ್ಯಾಬರೋನ್‌ನಲ್ಲಿ. ದೇಶದ ಬಹುಪಾಲು ಕಲಹರಿ ಮರಳು. ಸ್ವಾತಂತ್ರ್ಯ ಬಂದಿದ್ದು 1966ರ ಸೆಪ್ಟೆಂಬರ್ 30ರಂದು. ಇಷ್ಟು ಸಾಕು.

ಈಗ ನನಗೆ ಬಹಳ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಮೊದಲ ಪುಸ್ತಕದ ಮೊದಲ ಪುಟ.

[ಪರದೆಯ ಮೇಲೆ: ಒಂದು ಮೇಜು, ಚಹಾ ಕುಡಿಕೆ, ಮೂರು ಮಗ್]

ಅಲ್ಲಿ ಏಜೆನ್ಸಿಯ ಆಸ್ತಿಪಾಸ್ತಿ ಏನೇನು ಅಂತ ಹೇಳುತ್ತಾರೆ. ಖಾಲೆ ಬೆಟ್ಟದ ಬುಡದಲ್ಲಿ ಕಚೇರಿ. ಒಂದು ಪುಟ್ಟ ಬಿಳಿ ವ್ಯಾನ್. ಎರಡು ಮೇಜು, ಎರಡು ಕುರ್ಚಿ, ಒಂದು ಫೋನ್, ಒಂದು ಹಳೇ ಟೈಪ್‌ರೈಟರ್. ಆಮೇಲೆ ಕೆಂಪು ಬುಷ್ ಚಹಾ, ಅಂದರೆ ರೂಯ್‌ಬೊಸ್ ಎಂಬ ಗಿಡದ ಚಹಾ ಮಾಡುವ ಕುಡಿಕೆ. ಮತ್ತೆ ಮೂರು ಮಗ್. ಒಂದು ರಮೋತ್ಸ್ವೆಗೆ, ಒಂದು ಸೆಕ್ರೆಟರಿಗೆ, ಇನ್ನೊಂದು ಬಂದ ಗಿರಾಕಿಗೆ.

ಈ ಮೂರನೇ ಮಗ್ ಮೇಲೆ ಸ್ವಲ್ಪ ನಿಲ್ಲೋಣ. ಭೂತಗನ್ನಡಿ ಇಲ್ಲ, ಪಿಸ್ತೂಲು ಇಲ್ಲ, ಆದರೆ ಗಿರಾಕಿಗೆ ಅಂತಲೇ ಒಂದು ಮಗ್ ಇದೆ. ಅಂದರೆ ಒಳಗೆ ಬಂದವರನ್ನು ಈಕೆ ಮೊದಲು ಕೂರಿಸುತ್ತಾಳೆ. ಕೈಗೆ ಬಿಸಿ ಚಹಾ ಕೊಡುತ್ತಾಳೆ. ಅವರು ಬಾಯಿ ಬಿಡುವವರೆಗೆ ಕಾಯುತ್ತಾಳೆ. ಈಕೆಯ ಅರ್ಧ ಪತ್ತೇದಾರಿಕೆ ಮುಗಿಯುವುದೇ ಅಲ್ಲಿ. ಮಾತು ನಿಧಾನ, ಕುಶಲ ವಿಚಾರಿಸದೆ ಯಾರೂ ವಿಷಯಕ್ಕೆ ಬರುವುದಿಲ್ಲ. ಹೆಂಗಸರಿಗೆ 'ಮ್ಮಾ', ಗಂಡಸರಿಗೆ 'ರ್‍ರಾ' ಎಂದು ಗೌರವದಿಂದ ಕರೆದೇ ಮಾತು ಶುರು. ಕೆಲವರಿಗೆ ಇದು ಎಳೆದಂತೆ ಅನ್ನಿಸುತ್ತದೆ. ನನಗೆ ಪುಸ್ತಕದ ಜೀವವೇ ಇಲ್ಲಿ ಕಾಣುತ್ತದೆ. ಯಾಕೆ ಅಂತ ಹೇಳಬೇಕಾದರೆ ಕಾದಂಬರಿ ಬಿಟ್ಟು ನಿಜವಾದ ಬೋಟ್ಸ್ವಾನಾಕ್ಕೆ ಹೋಗಬೇಕು.

ಅಲ್ಲಿನ ಹಳ್ಳಿಗಳಲ್ಲಿ 'ಖೋಟ್ಲಾ' ಎಂಬ ಜಾಗ ಇರುತ್ತದೆ. ಮರದ ದಿಮ್ಮಿಗಳನ್ನು ಅರ್ಧಚಂದ್ರದ ಹಾಗೆ ನೆಟ್ಟ ಬೇಲಿ, ಅದರೊಳಗೆ ಊರಿನ ಮುಖ್ಯಸ್ಥ. ಜಗಳ, ದನದ ವ್ಯಾಜ್ಯ, ಮದುವೆ ತಕರಾರು, ಊರಿನ ತೀರ್ಮಾನ ಎಲ್ಲವೂ ಅಲ್ಲೇ. ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಾರೆ. ಮುಖ್ಯಸ್ಥ ಎಲ್ಲರನ್ನೂ ಕೇಳಿ ಕೊನೆಗೆ ಬಾಯಿ ತೆರೆಯುತ್ತಾನೆ. ಇವತ್ತಿಗೂ ಹೊಸ ಯೋಜನೆ ತಂದಾಗ ಸರ್ಕಾರದವರು ಖೋಟ್ಲಾಗೆ ಬಂದು ಜನರ ಎದುರು ವಿವರಿಸುತ್ತಾರೆ. ದೊಡ್ಡ ಯುದ್ಧ ಅಂದರೆ ಬಾಯಲ್ಲಿ ಮಾಡುವ ಯುದ್ಧವೇ ಅಂತ ಅಲ್ಲಿನ ಒಂದು ಗಾದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ನಾವೂ ಹೇಳುತ್ತೇವಲ್ವಾ?

ಆದರೆ ಹಿಂದಿನ ಕಾಲದಲ್ಲಿ ಖೋಟ್ಲಾದಲ್ಲಿ ಹೆಂಗಸರಿಗೆ ಸಮನಾದ ಜಾಗ ಇರಲಿಲ್ಲ. ಅದು ಗಂಡಸರ ಕೂಟವಾಗಿತ್ತು.

ಈಗ ಆ ಮೂರು ಮಗ್ ಮತ್ತೊಮ್ಮೆ ನೋಡಿ. ಒಬ್ಬ ಹೆಂಗಸು ಬೆಟ್ಟದ ಬುಡದಲ್ಲಿ ಬೋರ್ಡ್ ಹಾಕಿಕೊಂಡು ಅದೇ ಖೋಟ್ಲಾದ ಕೆಲಸ ಮಾಡುತ್ತಿದ್ದಾಳೆ. ಎಲ್ಲರ ಮಾತು ಕೇಳುತ್ತಾಳೆ, ಆಮೇಲೆ ತೀರ್ಮಾನ ಹೇಳುತ್ತಾಳೆ. ಇದು ಯಾವ ವಿಮರ್ಶಕರ ಮಾತೂ ಅಲ್ಲ, ನನ್ನ ಓದು. ಆದರೆ ಈ ಕಣ್ಣಿನಿಂದ ನೋಡಿದರೆ ಸರಣಿಯ ಎಷ್ಟೋ ವಿಷಯ ಬಿಡಿಸಿಕೊಳ್ಳುತ್ತವೆ.

ಒಂದು ಕೇಸ್ ಹೇಳುತ್ತೇನೆ. ಹ್ಯಾಪಿ ಬಪೆತ್ಸಿ ಎಂಬ ಹೆಂಗಸಿನ ಮನೆಗೆ ಒಬ್ಬ ಮುದುಕ ಬಂದು, "ನಾನೇ ನಿನ್ನ ಅಪ್ಪ" ಅನ್ನುತ್ತಾನೆ. ಅಪ್ಪ ಎಂದೋ ಮನೆ ಬಿಟ್ಟು ಹೋದವನು, ಮುಖವೇ ನೆನಪಿಲ್ಲ. ಮುದುಕ ಮನೆಯಲ್ಲೇ ಠಿಕಾಣಿ ಹೂಡಿ, ಕೂತಲ್ಲೇ ಊಟ ತರಿಸಿಕೊಳ್ಳುತ್ತಾನೆ. ಇವಳಿಗೆ ಅನುಮಾನ. ರಮೋತ್ಸ್ವೆ ಏನು ಮಾಡುತ್ತಾಳೆ ಗೊತ್ತಾ? ನರ್ಸ್ ಬಟ್ಟೆ ಹಾಕಿಕೊಂಡು ಆ ಮನೆಗೆ ಓಡುತ್ತಾಳೆ. ನಿಮ್ಮ ಮಗಳಿಗೆ ಅಪಘಾತವಾಗಿದೆ, ರಕ್ತ ಬೇಕು, ಅಪ್ಪನ ರಕ್ತವೇ ಆಗಬೇಕು, ತುಂಬಾ ಬೇಕು, ನಿಮ್ಮ ಜೀವಕ್ಕೇ ಕುತ್ತು ಬರಬಹುದು ಅನ್ನುತ್ತಾಳೆ. ಅಲ್ಲಿಗೆ ಮುದುಕನ ಬಾಯಿಂದ ನಿಜ ಹೊರಬೀಳುತ್ತದೆ. ಅವನು ಅಪ್ಪನಲ್ಲ.

ಇದನ್ನು ಓದಿದಾಗ ನನಗೆ ಶೆರ್ಲಾಕ್ ಹೋಮ್ಸ್ ನೆನಪಾಗಲಿಲ್ಲ. ಅಜ್ಜಿ ಹೇಳುತ್ತಿದ್ದ ತೆನಾಲಿ ರಾಮನ ಕಥೆ ನೆನಪಾಯಿತು. ಬೆರಳಚ್ಚು ಬೇಡ, ಸಿಗರೇಟಿನ ಬೂದಿ ಬೇಡ. ಮನುಷ್ಯನಿಗೆ ಯಾವುದರ ಭಯ, ಯಾವುದರ ಆಸೆ ಅಂತ ಗೊತ್ತಿದ್ದರೆ ಸಾಕು. ಇಲ್ಲಿ ಮುಖ್ಯ ಪ್ರಶ್ನೆ "ಯಾರು ಮಾಡಿದ್ದು" ಅನ್ನುವುದಲ್ಲ. "ಗೊತ್ತಾಯಿತು, ಈಗ ಏನು ಮಾಡೋಣ" ಅನ್ನುವುದು. ಈ ಪ್ರಶ್ನೆ ನಮ್ಮೆಲ್ಲರ ಮನೆಯಲ್ಲೂ ಬರುತ್ತದೆ. ಕೊಲೆಗಾರನನ್ನು ಹುಡುಕುವ ಸಂದರ್ಭ ನಮಗ್ಯಾರಿಗೂ ಬರುವುದಿಲ್ಲ.

ಇನ್ನು ಒಂದು ದೊಡ್ಡ ಆಕ್ಷೇಪ ಇದೆ. ಇದು ಸಿಹಿ ಸಿಹಿ ಆಫ್ರಿಕಾ, ಬಿಳಿಯ ಲೇಖಕನೊಬ್ಬ ಕಷ್ಟಗಳನ್ನೆಲ್ಲ ಮುಚ್ಚಿಟ್ಟು ಬರೆದದ್ದು ಅಂತ. ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಮೊದಲ ಪುಸ್ತಕ ಬಂದಾಗ ಬೋಟ್ಸ್ವಾನಾದಲ್ಲಿ ಎಚ್‌ಐವಿ ಭೀಕರವಾಗಿ ಹರಡಿತ್ತು. ಕಾದಂಬರಿಗಳಲ್ಲಿ ಆ ರೋಗದ ನೆರಳಿದೆ, ಹೆಸರು ಮಾತ್ರ ಬರುವುದೇ ಕಷ್ಟ. ಅಲ್ಲಿ ಲೇಖಕರು ಇನ್ನೂ ಸ್ವಲ್ಪ ಧೈರ್ಯ ಮಾಡಬೇಕಿತ್ತು ಅಂತ ನನಗೂ ಅನ್ನಿಸುತ್ತದೆ.

ಆದರೆ ಕಷ್ಟವೇ ಇಲ್ಲ ಅನ್ನುವುದು ತಪ್ಪು. ಏಜೆನ್ಸಿಗೆ ದುಡ್ಡು ಬಂದಿದ್ದು ರಮೋತ್ಸ್ವೆಯ ಅಪ್ಪ ಒಬೆಡ್ ಬಿಟ್ಟುಹೋದ ದನಗಳನ್ನು ಮಾರಿ. ಅವನು ಆ ದನ ಕೊಂಡಿದ್ದು ದಕ್ಷಿಣ ಆಫ್ರಿಕಾದ ಗಣಿಯಲ್ಲಿ ದುಡಿದ ಸಂಬಳದಿಂದ. ಅದೇ ಗಣಿಯ ಧೂಳು ಶ್ವಾಸಕೋಶಕ್ಕೆ ಇಳಿದು ಅವನು ಸಾಯುತ್ತಾನೆ. ನಮ್ಮ ಕೋಲಾರದ ಚಿನ್ನದ ಗಣಿಯ ಕುಟುಂಬಗಳಿಗೆ ಈ ಕಾಯಿಲೆಯನ್ನು ಯಾರೂ ವಿವರಿಸಬೇಕಿಲ್ಲ. ಪ್ರೆಷಸ್‌ಳನ್ನು ಮೊದಲ ಗಂಡ, ಒಬ್ಬ ಟ್ರಂಪೆಟ್ ವಾದಕ, ಹೊಡೆಯುತ್ತಿದ್ದ. ಹುಟ್ಟಿದ ಮಗು ಉಳಿಯಲಿಲ್ಲ. ಚಹಾ ಕೊಟ್ಟು ಕೂರಿಸುವವಳು ಇಷ್ಟೆಲ್ಲ ನುಂಗಿಕೊಂಡವಳು.

ಇನ್ನೊಂದು ವಿಷಯ. 1994ರಲ್ಲಿ ಇದೇ ಮೊಚುಡಿಯಲ್ಲಿ ಶಾಲೆಯ ಬಾಲಕಿಯೊಬ್ಬಳ ಕೊಲೆಯಾಯಿತು. ವಾಮಾಚಾರದ ಮದ್ದಿಗಾಗಿ ಕೊಂದರು ಎಂಬ ಅನುಮಾನ ದೇಶವನ್ನೇ ಅಲ್ಲಾಡಿಸಿತು. 1995ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಲಂಡನ್ ಪೊಲೀಸರನ್ನು, ಅಂದರೆ ಸ್ಕಾಟ್ಲೆಂಡ್ ಯಾರ್ಡ್‌ನವರನ್ನು ಕರೆಸಬೇಕಾಯಿತು. 1998ರ ಮೊದಲ ಕಾದಂಬರಿಯಲ್ಲೂ ಒಬ್ಬ ಹುಡುಗ ಕಾಣೆಯಾಗುತ್ತಾನೆ, ಅನುಮಾನವೂ ಅದೇ. ಆ ಘಟನೆ ನೋಡಿಯೇ ಬರೆದರು ಅಂತ ನಾನು ಹೇಳುತ್ತಿಲ್ಲ. ಆದರೆ ಕಾದಂಬರಿಯ ಹುಡುಗ ಜೀವಂತವಾಗಿ ಸಿಗುತ್ತಾನೆ. ನಿಜಕ್ಕೂ ಮಗು ಸತ್ತ ನಾಡಿನ ಕಥೆಯಲ್ಲಿ ಮಗು ಬದುಕಿ ಬರುವುದನ್ನು ಸುಳ್ಳು ಅನ್ನಬಹುದು. ನಾನು ಅನ್ನುವುದಿಲ್ಲ. ಹಾಗೆ ಆಗಬೇಕಿತ್ತು ಎಂದು ಊರೆಲ್ಲ ಅಂದುಕೊಂಡಿದ್ದನ್ನು ಕಥೆಯಲ್ಲಾದರೂ ಮಾಡಿಕೊಟ್ಟಿದ್ದಾರೆ. ಓದುವಾಗ ಮನಸ್ಸು ಹಗುರವಾಗುವುದು ಇಂಥ ಜಾಗದಲ್ಲೇ.

ಸಮಯ ಮೀರುತ್ತಿದೆ, ಉಳಿದಿದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ಸೆಕ್ರೆಟರಿ ಗ್ರೇಸ್ ಮಕುತ್ಸಿ ಸೆಕ್ರೆಟೇರಿಯಲ್ ಕಾಲೇಜಿನಲ್ಲಿ 97 ಪರ್ಸೆಂಟ್ ತೆಗೆದವಳು. ಆದರೂ ಕೆಲಸಗಳೆಲ್ಲ ಅರ್ಧ ಅಂಕದ ಚೆಂದದ ಹುಡುಗಿಯರಿಗೆ ಹೋಗಿರುತ್ತವೆ. ಅವಳು ಆ 97ನ್ನು ಮತ್ತೆ ಮತ್ತೆ ಹೇಳುವುದು ಓದುವವರಿಗೆ ತಮಾಷೆ. ಅವಳಿಗೆ ಅದೊಂದೇ ಆಸ್ತಿ. ಗ್ಯಾರೇಜ್ ನಡೆಸುವ ಮಟೆಕೋನಿ, ಅನಾಥಾಲಯದ ಪೊಟೊಕ್ವಾನಿ ಮತ್ತು ಅವಳ ಹಣ್ಣಿನ ಕೇಕ್, ಇವರಿಗೆಲ್ಲ ಬೇರೆ ವಿಡಿಯೋ ಬೇಕು.

ಟಿವಿ ಸರಣಿಯೂ ಇದೆ, 2008ರಿಂದ 2009ರವರೆಗೆ ಬಂತು. ಜಿಲ್ ಸ್ಕಾಟ್ ನಾಯಕಿ, ಚಿತ್ರೀಕರಣ ಬೋಟ್ಸ್ವಾನಾದಲ್ಲೇ. ಮೊದಲ ಕಂತು ನಿರ್ದೇಶಿಸಿದ ಆಂಥೊನಿ ಮಿಂಗೆಲ್ಲಾ ಅದು ಪ್ರಸಾರವಾಗುವ ಕೆಲವೇ ದಿನ ಮುಂಚೆ ತೀರಿಕೊಂಡರು. ಒಂದು ಸೀಸನ್‌ಗೇ ನಿಂತುಹೋಯಿತು. ನೋಡಿ, ಚೆನ್ನಾಗಿದೆ, ಆದರೆ ಪುಸ್ತಕ ಓದಿದ ಮೇಲೆ ನೋಡಿ. ಓದುವಾಗ 1998ರ ಮೊದಲ ಪುಸ್ತಕದಿಂದಲೇ ಶುರು ಮಾಡಿ. ನಡುವಿನಿಂದ ಹಿಡಿದರೆ ಮಟೆಕೋನಿ ಮದುವೆಗೆ ಕೇಳಿದಾಗ ರಮೋತ್ಸ್ವೆ ಮೊದಲು ಯಾಕೆ ಬೇಡ ಅಂದಳು, ಆಮೇಲೆ ಯಾಕೆ ಒಪ್ಪಿದಳು ಅನ್ನುವುದು ಕೈತಪ್ಪಿಹೋಗುತ್ತದೆ.