ಜೊತೆಗೊಬ್ಬ ಹುಡುಗ ಬೇಕು

ಶ್ರೋತೃಗಳಿಗೆ ನಮಸ್ಕಾರ.

ಮಕ್ಕಳಿಗಾಗಿ ಬರೆದ ಪ್ರವಾಸದ ಪುಸ್ತಕಗಳ ಚರಿತ್ರೆಯನ್ನು ಕೆಲವೇ ನಿಮಿಷಗಳಲ್ಲಿ ಹೇಳಬೇಕೆಂದು ನಿಲಯದವರು ಕೇಳಿದ್ದಾರೆ. ಈ ಹೊತ್ತಿನಲ್ಲಿ ಒಂದು ಕಡೆ ರಾತ್ರಿಯ ಸಾರಿಗೆ ಬೇಳೆ ಬೇಯಲಿಟ್ಟು, ಇನ್ನೊಂದು ಕಡೆ ಮಗನಿಂದ ರಾಜ್ಯಗಳ ರಾಜಧಾನಿಗಳನ್ನು ಬಾಯಿಪಾಠ ಮಾಡಿಸುತ್ತ ರೇಡಿಯೋ ಕೇಳುತ್ತಿರುವ ತಾಯಿಯೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಅಮ್ಮಾ, ಆ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನನ್ನ ಮಾತು ಒಂದೇ: ಮಗುವಿಗೆ ದೇಶ ತೋರಿಸಬೇಕಾದರೆ ಅದರ ಜೊತೆಗೆ ಇನ್ನೊಂದು ಮಗುವನ್ನು ಕಳಿಸಬೇಕು.

ಇದು ಹೊಸ ಮಾತಲ್ಲ. ಯುದ್ಧದಿಂದಾಗಿ ಊರು ಕಳೆದುಕೊಂಡು ಜೀವಮಾನವೆಲ್ಲ ಅಲೆದ ಕೊಮೇನಿಯಸ್ ಎಂಬ ಉಪಾಧ್ಯಾಯರು 1658ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ, ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನು ಅಚ್ಚು ಹಾಕಿಸಿದರು. ಅದರ ಮೊದಲ ಚಿತ್ರದಲ್ಲಿ ಒಬ್ಬ ಗುರು, ಎದುರಿಗೆ ಒಬ್ಬ ಹುಡುಗ. ಗುರು ಹುಡುಗನನ್ನು ಕರೆದು, ನಿನ್ನನ್ನು ಎಲ್ಲ ಕಡೆಗೂ ಕರೆದೊಯ್ಯುತ್ತೇನೆ, ಎಲ್ಲವನ್ನೂ ತೋರಿಸುತ್ತೇನೆ, ಎಲ್ಲದರ ಹೆಸರನ್ನೂ ಹೇಳುತ್ತೇನೆ ಎನ್ನುತ್ತಾನೆ. ಕ್ರಮವನ್ನು ಗಮನಿಸಿ. ಮೊದಲು ಹೊರಡುವುದು, ಆಮೇಲೆ ನೋಡುವುದು, ಹೆಸರು ಕೊನೆಗೆ. ನಾವು ಹೆಸರಿನಿಂದ ಶುರುಮಾಡಿ ಹೆಸರಿನಲ್ಲಿಯೇ ಮುಗಿಸುತ್ತೇವೆ. ಆ ಪುಸ್ತಕದಲ್ಲಿ ಅಕ್ಷರಮಾಲೆ ಕೂಡ ಬಾಯಿಪಾಠವಲ್ಲ. ಕಾಗೆ ‘ಆ ಆ’ ಎಂದು ಕೂಗುತ್ತದೆ, ಕುರಿಮರಿ ‘ಬೇ’ ಎನ್ನುತ್ತದೆ.

ನೂರಿಪ್ಪತ್ತು ವರ್ಷಗಳ ನಂತರ ಅದೇ ಜರ್ಮನಿಯ ಕಾಂಪೆ ಎಂಬವರು ರಾಬಿನ್ಸನ್ ಕ್ರೂಸೋನ ಕಥೆಯನ್ನು ಮಕ್ಕಳಿಗಾಗಿ ಹೊಸದಾಗಿ ಬರೆದರು. ಅಲ್ಲಿ ತಂದೆ ಕಥೆ ಹೇಳುತ್ತಾನೆ, ಮಕ್ಕಳು ನಡುವೆ ಬಾಯಿಹಾಕಿ ಪ್ರಶ್ನೆ ಕೇಳುತ್ತಾರೆ. ಈ ಕಾಂಪೆ, ಹಂಬೋಲ್ಟ್ ಸೋದರರ ಮನೆಯಲ್ಲಿ ಮೇಷ್ಟ್ರಾಗಿದ್ದವರು. ಆ ಸೋದರರಲ್ಲಿ ಕಿರಿಯನಾದ ಅಲೆಕ್ಸಾಂಡರ್ ಮುಂದೆ ದಕ್ಷಿಣ ಅಮೆರಿಕದ ಕಾಡು ನದಿಗಳನ್ನೆಲ್ಲ ಸುತ್ತಿದ. ಮಕ್ಕಳಿಗೆಂದೇ ಆಯ್ದ ಪ್ರವಾಸಕಥನಗಳ ದೊಡ್ಡ ಮಾಲಿಕೆಯನ್ನೂ ಕಾಂಪೆ 1785ರಿಂದ ಹೊರತಂದರು.

ಫ್ರಾನ್ಸಿನಲ್ಲಿ ಇದೇ ಉಪಾಯ ಇಡೀ ದೇಶವನ್ನು ಹಿಡಿದುಕೊಂಡಿತು. 1877ರಲ್ಲಿ ಆಗುಸ್ತೀನ್ ಫುಯೇ ಎಂಬ ಮಹಿಳೆ, ಜಿ. ಬ್ರೂನೋ ಎಂಬ ಗಂಡು ಹೆಸರಿನ ಮರೆಯಲ್ಲಿ, ಇಬ್ಬರು ತಬ್ಬಲಿ ಹುಡುಗರ ಕಥೆ ಬರೆದರು. ಅಣ್ಣನಿಗೆ 14, ತಮ್ಮನಿಗೆ 7. ಯುದ್ಧದಲ್ಲಿ ಜರ್ಮನಿಯ ವಶವಾದ ತಮ್ಮೂರು ಫಾಲ್ಸ್‌ಬೂರ್ ಅನ್ನು ದಟ್ಟ ಮಂಜಿನಲ್ಲಿ ಬಿಟ್ಟು, ಚಿಕ್ಕಪ್ಪನನ್ನು ಹುಡುಕುತ್ತ ಅವರು ಹೊರಡುತ್ತಾರೆ. ದಾರಿಯಲ್ಲಿ ಚೀಸು ಮಾಡುವವರು, ಕಮ್ಮಾರರು, ಹಡಗಿನವರು ಸಿಗುತ್ತಾರೆ. ಎಳೆಯ ಓದುಗ ಆ ಚಿಕ್ಕ ಹುಡುಗನ ಕಾಲು ನೋಯುತ್ತದಲ್ಲ ಎಂದು ಮರುಗುತ್ತಲೇ ಭೂಗೋಳ ಕಲಿತುಬಿಡುತ್ತಾನೆ. 1901ರ ಹೊತ್ತಿಗೆ ಸುಮಾರು 60 ಲಕ್ಷ ಪ್ರತಿಗಳು ಅಚ್ಚಾಗಿದ್ದವು.

ಇದಕ್ಕೆ ವಿರುದ್ಧವಾದವರೂ ಇದ್ದರು. ಇಂಗ್ಲೆಂಡಿನ ಮಾರ್ಟಿಮರ್ ಎಂಬ ಮಹಿಳೆ ತಮ್ಮ ದೇಶದ ಗಡಿ ದಾಟಿದ್ದೇ ಅಪರೂಪ. ಆದರೂ 1852ರಲ್ಲಿ ನಮ್ಮನ್ನೂ ಸೇರಿಸಿ ಏಷ್ಯಾದ ಜನರೆಲ್ಲ ಎಂಥವರೆಂದು ಇಂಗ್ಲಿಷ್ ಮಕ್ಕಳಿಗೆ ತೀರ್ಪು ಬರೆದುಕೊಟ್ಟರು. ಅಲ್ಲಿ ಪ್ರಯಾಣ ಮಾಡುವ ಮಗುವೇ ಇಲ್ಲ, ಪಾಠ ಹೇಳುವ ಬೆರಳು ಮಾತ್ರ. ಅವರ ವಿಷಯ ಇಷ್ಟು ಸಾಕು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಶಿಕ್ಷಕರ ಸಂಘದವರು, ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದ ಸೆಲ್ಮಾ ಲಾಗರ್‌ಲೋಫ್ ಎಂಬ ಲೇಖಕಿಯ ಬಳಿ ಹೋಗಿ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ದೇಶದ ಪರಿಚಯ ಮಾಡಿಕೊಡುವ ಓದುಪುಸ್ತಕವೊಂದನ್ನು ಬರೆದುಕೊಡಿ ಎಂದರು. ಆಕೆ ಒಪ್ಪಿದರು. ಪುಸ್ತಕಗಳನ್ನು ತರಿಸಿ ಓದಿದರು, ಉತ್ತರದ ಸೀಮೆಯವರೆಗೂ ತಾವೇ ಹೋಗಿ ನೋಡಿ ಬಂದರು. ಬೆಟ್ಟ, ಗಣಿ, ಕಾಡು, ಸರೋವರ, ಹಕ್ಕಿ ಎಲ್ಲವೂ ಕೈಯಲ್ಲಿತ್ತು. ಆದರೆ ಬರೆಯಲು ಕೂತರೆ ಒಂದು ಸಾಲೂ ಏಳುತ್ತಿರಲಿಲ್ಲ. ಕೊನೆಗೆ ಸಿಕ್ಕಿದವನು ನಿಲ್ಸ್, 14 ವರ್ಷದ ಸೋಮಾರಿ, ಪ್ರಾಣಿಗಳನ್ನು ಗೋಳುಹೊಯ್ದುಕೊಳ್ಳುವ ಪೋಕರಿ. ಮನೆ ಕಾಯುವ ಕುಳ್ಳದೈವವನ್ನು ಕೆಣಕಿ, ಗೇಣುದ್ದವಾಗಿ ಕುಗ್ಗಿಹೋಗಿ, ಸಾಕಿದ ಬಿಳಿಯ ಬಾತಿನ ಬೆನ್ನೇರಿ, ಕಾಡುಬಾತುಗಳ ಹಿಂಡಿನೊಂದಿಗೆ ಉತ್ತರಕ್ಕೆ ಹಾರುತ್ತಾನೆ. ಹಿಂಡನ್ನು ನಡೆಸುವ ಮುದಿ ಹಕ್ಕಿಯ ಹೆಸರು ಅಕ್ಕಾ. ಕನ್ನಡದ ಕಿವಿಗೆ ಮನೆಯ ಹಿರಿಯಕ್ಕನನ್ನು ಕರೆದಂತೆಯೇ ಕೇಳಿಸುತ್ತದೆ.

ಮೊದಲ ಸಲ ಕೆಳಗೆ ನೋಡಿದಾಗ ನಿಲ್ಸನಿಗೆ ತನ್ನ ನಾಡು ಕಾಣುವುದಿಲ್ಲ, ಹಾಸಿಟ್ಟ ದೊಡ್ಡದೊಂದು ಚೌಕುಳಿ ಬಟ್ಟೆ ಕಾಣುತ್ತದೆ. ಬಟ್ಟೆಯೇ ಇದು ಎಂದು ಬೆರಗಾಗುತ್ತಾನೆ. ಹೊಲ, ಹುಲ್ಲುಗಾವಲು ಎಂದು ಬಾತುಗಳು ಕೂಗಿ ಹೇಳುತ್ತವೆ. ಆಗ ಅವನಿಗೆ ಒಂದೊಂದೇ ಚೌಕ ಅರ್ಥವಾಗುತ್ತ ಬರುತ್ತದೆ: ಹಸಿರು ಚೌಕವೆಂದರೆ ಹಿಮದಡಿಯಲ್ಲಿಯೂ ಬಾಡದೆ ಉಳಿದ ರೈ ಎಂಬ ಧಾನ್ಯದ ಪೈರು, ಹಳದಿ ಮಿಶ್ರಿತ ಬೂದು ಚೌಕವೆಂದರೆ ಕೊಯ್ಲಾದ ಹೊಲದ ಕೂಳೆ. ನಿಲ್ಸನ ನಾಡಾದ ಸ್ಕೋನೆ ಪ್ರಾಂತ್ಯದ ಬೆಳೆಗಳು ಯಾವುವು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಓದಿಲ್ಲ.

ಇನ್ನೂ ಸೊಗಸಾದದ್ದು ಕೊನೆಯ ಭಾಗದಲ್ಲಿದೆ. ಒಂದು ಶರತ್ಕಾಲದ ಸಂಜೆ ನಿಲ್ಸ್ ಹಳೆಯ ತೋಟದ ಮನೆಯೊಂದರ ಅಂಗಳದಲ್ಲಿ ಗೂಬೆಯ ಉಗುರಿಗೆ ಸಿಕ್ಕಿ ಕಿರುಚುತ್ತಾನೆ. ಆ ಮನೆಯಲ್ಲಿ ಹುಟ್ಟಿ ಬೆಳೆದು, ಅದು ಪರರ ಪಾಲಾದ ಮೇಲೆ ಸುಮ್ಮನೆ ನೋಡಿಹೋಗಲು ಬಂದ ಹೆಂಗಸೊಬ್ಬಳು ಓಡಿ ಹೋಗಿ ಅವನನ್ನು ಬಿಡಿಸುತ್ತಾಳೆ. ದೇಶದ ಬಗ್ಗೆ ಶಾಲೆಗೆಂದು ಪುಸ್ತಕ ಬರೆಯಲು ಒಪ್ಪಿಕೊಂಡು, ಹೇಗೆ ಬರೆಯಬೇಕೆಂದು ತೋಚದೆ ಇದ್ದವಳು ಆಕೆ. ಹುಡುಗ ತನ್ನ ಪ್ರಯಾಣವನ್ನೆಲ್ಲ ಹೇಳುತ್ತಾನೆ. ಅವಳಿಗೆ ಪುಸ್ತಕ ಸಿಗುತ್ತದೆ. ಲೇಖಕಿಯೇ ತನ್ನ ಕಥೆಯೊಳಗೆ ಬಂದು, ಜೊತೆಗೊಬ್ಬ ಹುಡುಗ ಸಿಗುವವರೆಗೆ ತನ್ನಿಂದ ಬರೆಯಲಾಗಲಿಲ್ಲವೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳುತ್ತಾಳೆ. ಎರಡು ಸಂಪುಟಗಳು 1906 ಮತ್ತು 1907ರಲ್ಲಿ ಬಂದವು. 1909ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂತು. ಪುಸ್ತಕದಲ್ಲಿ ತಪ್ಪುಗಳಿವೆ ಎಂದು ಪಂಡಿತರು ಗೊಣಗಿದರು, ಸ್ವೀಡನ್ನಿನದೇ ಆದ ಹಾಲಂಡ್ ಪ್ರಾಂತ್ಯಕ್ಕೆ ಸ್ವಂತದ್ದೊಂದು ಅಧ್ಯಾಯ ಸಿಗಲಿಲ್ಲವೆಂದು ಅಲ್ಲಿಯವರು ಮುನಿದರು. ಮಕ್ಕಳು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಬಾತಿನ ಬೆನ್ನೇರಿದ ನಿಲ್ಸ್ ಆ ದೇಶದ 20 ಕ್ರೋನರ್ ನೋಟಿನ ಮೇಲೂ ಹಾರಿದ.

ಈ ಪ್ರಸಂಗಕ್ಕೇ ಸಮಯವೆಲ್ಲ ಹೋಯಿತು. 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಕನ್ನಡದ ಮಕ್ಕಳಿಗೆ ಕೊಟ್ಟ ಶಿವರಾಮ ಕಾರಂತರ ವಿಷಯಕ್ಕೆ ಬೇರೆಯದೇ ಭಾಷಣ ಬೇಕು, ಅವರೂ ಕಾಲಿಗೆ ಚಕ್ರ ಕಟ್ಟಿಕೊಂಡು ಸುತ್ತಿದವರೇ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಅಮ್ಮಾ, ಬೇಳೆ ಬೆಂದಿರಬೇಕು. ಒಲೆ ಆರಿಸಿ ಬಂದು ಮಗನನ್ನು ಹೀಗೆ ಕೇಳಿ: ನಮ್ಮೂರಿನ ಮೇಲೆ ಬಾತಿನ ಬೆನ್ನೇರಿ ಹಾರಿದರೆ ನಿನಗೆ ಯಾವ ಯಾವ ಬಣ್ಣದ ಚೌಕ ಕಾಣುತ್ತದೆ?

ನಮಸ್ಕಾರ.