ಬೇವಿಗೆ ಮಾರ್ಕು, ಕನ್ನೆಕುಡಿಗೆ ಕಾಟು

ಶಿಕ್ಷಕ ಮಿತ್ರರೆಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಈ ಮೈಕು ಹತ್ತಿರ ಎಳೆದರೆ ಕಿರುಚುತ್ತದೆ, ದೂರ ತಳ್ಳಿದರೆ ಮುನಿಸಿಕೊಳ್ಳುತ್ತದೆ. ಮೂವತ್ತು ವರ್ಷ ನಾಲ್ಕನೇ ತರಗತಿ ಸಂಭಾಳಿಸಿದವಳಿಗೆ ಇದೇನೂ ಹೊಸದಲ್ಲ.

ಆಮಂತ್ರಣದಲ್ಲಿ ನನ್ನ ವಿಷಯ "ಶರದೃತುವಿನ ಚಟುವಟಿಕೆಗಳು ಮತ್ತು ಕಲಿಕೆ" ಅಂತ ಅಚ್ಚಾಗಿದೆ. ಶಿಕ್ಷಣ ಇಲಾಖೆಯ ಕ್ಯಾಲೆಂಡರಿನಲ್ಲಿ ಶರದೃತು ಎಲ್ಲೂ ಇಲ್ಲ. ಮೊದಲ ಅವಧಿ, ದಸರಾ ರಜೆ, ಎರಡನೇ ಅವಧಿ, ಅಷ್ಟೇ. ಆಶ್ವಯುಜ-ಕಾರ್ತಿಕ ಎರಡೂ ಮಾಸ ಅದರ ಸಂದಿಯಲ್ಲೆಲ್ಲೋ ಸೋರಿಹೋಗುತ್ತವೆ. ನನ್ನ ತಕರಾರು ಅದೇ. ಮಕ್ಕಳು ವರ್ಷದಲ್ಲೇ ಅತಿ ಹೆಚ್ಚು ಕಲಿಯುವ ಹೊತ್ತಿಗೆ ಸರಿಯಾಗಿ ನಾವು ಶಾಲೆಗೆ ಬೀಗ ಹಾಕುತ್ತೇವೆ. ಬೀಗ ತೆಗೆದ ಮೇಲಾದರೂ ಏನು ಕಲಿತು ಬಂದಿರಿ ಅಂತ ಕೇಳುತ್ತೇವೆಯೇ? ಇಲ್ಲ. "ಮಗ್ಗಿ ಬರೆದಿದ್ದೀಯಾ?" ಅಂತ ಕೇಳುತ್ತೇವೆ.

ನಿಮಗೆಲ್ಲ ಗೊತ್ತಿರುವ ಮಾತು: ಉತ್ತರ ಕನ್ನಡ ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ, ಶಿಕ್ಷಣದ ಲೆಕ್ಕದಲ್ಲಿ ಎರಡು. ಕರಾವಳಿ ಕಾರವಾರಕ್ಕೆ, ಘಟ್ಟದ ಮೇಲಿನದು ಶಿರಸಿಗೆ. ಈ ಸಣ್ಣ ಊರಿನ ಕಚೇರಿಗೆ ಸೇರಿದ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳಲ್ಲಿ ಅಕ್ಟೋಬರ್ ತಿಂಗಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಇಲ್ಲಿ ಶಿರಸಿಯಲ್ಲಿ ಅಡಿಕೆ ಗೊನೆ ಕೊಯ್ಲಿಗೆ ಅಂಗಳ ಸಾರಿಸುವ ಯೋಚನೆ, ಮುಂಡಗೋಡದ ಕಡೆ ಭತ್ತ-ಗೋವಿನಜೋಳದ ಚಿಂತೆ, ಯಲ್ಲಾಪುರದ ಗೌಳಿವಾಡೆಗಳಲ್ಲಿ, ಅಂದರೆ ದನ ಸಾಕುವ ಗೌಳಿಗರ ಕೇರಿಗಳಲ್ಲಿ, ದಸರೆಯ ಕುಣಿತ. ಆದರೆ ರಜೆಯ ಮನೆಗೆಲಸ ಮಾತ್ರ ಎಲ್ಲರಿಗೂ ಒಂದೇ, ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬಂದದ್ದು. ಮಗ್ಗಿ ಹತ್ತು ಸಲ, ಕಾಪಿ ಇಪ್ಪತ್ತು ಪುಟ. ನಾನೂ ಕೊಟ್ಟವಳೇ. ಇಲ್ಲಿ ನಿಂತು ಸುಳ್ಳು ಹೇಳುವುದಿಲ್ಲ.

ಈಗ ಆ ಹುಡುಗನ ಕಥೆ. ಮುಂದಿನ ಸಾಲಿನವರು ನಗ್ತಾ ಇದ್ದೀರಿ, ಮೊದಲೇ ಕೇಳಿದ್ದೀರಿ. ಇನ್ನೊಮ್ಮೆ ಕೇಳಿ.

ಸಿದ್ದಾಪುರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ನಾನು ವರ್ಗವಾಗಿ ಬಂದಾಗ ಅಪ್ಪಟ ಬಯಲುಸೀಮೆಯವಳು. ನಮ್ಮೂರು ರಾಣೆಬೆನ್ನೂರು ಕಡೆ. ಜೋಳ, ಹತ್ತಿ, ಬೇವಿನ ಮರ, ಇಷ್ಟು ಗೊತ್ತು. ಪರಿಸರ ಅಧ್ಯಯನದ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟೆ: ನಿನ್ನ ಸುತ್ತಮುತ್ತಲಿನ ಐದು ಸಸ್ಯಗಳ ಹೆಸರು ಬರೆ. ಹೆಚ್ಚಿನ ಮಕ್ಕಳು ಮಾವು, ಬೇವು, ಆಲ, ತೆಂಗು, ಗುಲಾಬಿ ಅಂತ ಬರೆದರು. ಐದಕ್ಕೆ ಐದು ಕೊಟ್ಟೆ. ಆ ಜಡಿಮಳೆಯ ಊರಿನಲ್ಲಿ ಬೇವಿನ ಮರ ಎಲ್ಲಿದೆ ಅಂತ ನನ್ನನ್ನೇ ಕೇಳಿಕೊಳ್ಳಲಿಲ್ಲ ನೋಡಿ! ಆ ಮಕ್ಕಳು ಬೇವು ಕಂಡಿದ್ದು ಯುಗಾದಿ ಪಾಠದ ಚಿತ್ರದಲ್ಲಿ. ಕೊನೇ ಬೆಂಚಿನ ಹುಡುಗ ಮಾತ್ರ, ಕಾಗುಣಿತ ಇನ್ನೂ ಕುಂಟುತ್ತಿದ್ದವನು, ಸೊಟ್ಟ ಅಕ್ಷರದಲ್ಲಿ ಕನ್ನೆಕುಡಿ, ಕುನ್ನೇರಲು, ಚಗಟೆ ಅಂತ ಬರೆದಿದ್ದ. ನನಗೆ ಒಂದೂ ಗೊತ್ತಿರಲಿಲ್ಲ. ಏನೋ ಬಾಯಿಗೆ ಬಂದದ್ದು ಗೀಚಿದ್ದಾನೆ ಅಂದುಕೊಂಡು ಮೂರಕ್ಕೂ ಕೆಂಪು ಪೆನ್ನಿನಲ್ಲಿ ಕಾಟು ಹೊಡೆದೆ.

ಬೇವಿಗೆ ಮಾರ್ಕು, ಕನ್ನೆಕುಡಿಗೆ ಕಾಟು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತದೆ.

ದಸರಾ ರಜೆ ಬಂತು. ಆ ವರ್ಷ ಊರಿಗೆ ಹೋಗಲಾಗದೆ ಅಲ್ಲೇ ಬಾಡಿಗೆ ಮನೆಯಲ್ಲಿ ಉಳಿದೆ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಆ ಹುಡುಗನ ಅಜ್ಜಿ ಬಾಗಿಲಿಗೆ ಬಂದು, "ಅಕ್ಕೋರೇ, ಒಬ್ಬರೇ ಕೂತು ಎಂತ ಮಾಡ್ತೀರಿ? ಕುಡಿ ಕೊಯ್ಯೂಕೆ ಬನ್ನಿ" ಅಂತ ಕರೆದಳು. ಅವರ ಮನೆ ಜಗಲಿಯಲ್ಲಿ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಕೆಮ್ಮಣ್ಣು ಬಳಿದುಕೊಂಡು ಕೂತಿತ್ತು. ಅವನ ಅಕ್ಕ ಪುಂಡಿನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಅದರ ಮೇಲೆ ಗೆರೆ ಎಳೆಯುತ್ತಿದ್ದಳು. ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಜ್ಯಾಮಿತಿ ಪೆಟ್ಟಿಗೆ ಕೊಟ್ಟರೂ ನನ್ನ ಕೈಯಲ್ಲಿ ಅಂಥ ಗೆರೆ ಬರುವುದಿಲ್ಲ.

ಭೂಮಿ ಹುಣ್ಣಿಮೆ ಅಂದರೆ ಫಲಕ್ಕೆ ನಿಂತ ಗದ್ದೆಗೆ ಮಾಡುವ ಬಯಕೆ ಶಾಸ್ತ್ರ, ನಿಮಗೆ ಹೇಳಬೇಕಾಗಿಲ್ಲ. ಗದ್ದೆಗೆ ಬೀರುವ ಚರಗಕ್ಕೆ ನೂರೊಂದು ಬಗೆಯ ಕುಡಿ ಬೇಕು. ಹುಡುಗ ಮುಂದೆ, ಅಜ್ಜಿ ನಡುವೆ, ನಾನು ಹಿಂದೆ. ಕೆಸು, ಒಂದೆಲಗ, ಹೊನಗೊನ್ನೆ, ಅತ್ತಿ ಕುಡಿ, ಚಗಟೆ… ಒಂದೊಂದನ್ನೂ ಚಿವುಟಿ, ಮೂಸಿ, ಹೆಸರು ಹೇಳಿ ಚೀಲಕ್ಕೆ ಹಾಕುತ್ತಿದ್ದ. ನಾನೂ ಕೈಲಾದ್ದು ಮಾಡೋಣ ಅಂತ ಒಂದಕ್ಕೆ ಕೈ ಚಾಚಿದೆ. ಪಟಕ್ಕನೆ ನನ್ನ ಮುಂಗೈ ಹಿಡಿದ. "ಅಕ್ಕೋರೇ, ಅದ್ ತುರಚಿ. ಮುಟ್ಟಿದ್ರೆ ರಾತ್ರಿಡೀ ಕೆರ್ಕಳ್ಬೇಕು." ತರಗತಿಯಲ್ಲಿ ನನ್ನ ಮುಖ ನೋಡಿ ಮಾತಾಡಲೂ ಹೆದರುತ್ತಿದ್ದ ಹುಡುಗ!

ಬೇಲಿ ಸಾಲಿನಲ್ಲಿ ಮೂರೆಲೆ ಚಿವುಟಿ ನನ್ನ ಅಂಗೈಗೆ ಇಟ್ಟ. "ಇದೇ ಕನ್ನೆಕುಡಿ. ತಂಬ್ಳಿ ಮಾಡ್ತಾರೆ" ಅಂದ. ಅಷ್ಟೇ ಅಂದದ್ದು. ಆಮೇಲೆ ನನಗೆ ಆ ಉತ್ತರಪತ್ರಿಕೆ ಬಿಟ್ಟು ಬೇರೇನೂ ಕಣ್ಣಿಗೆ ಕಾಣಲಿಲ್ಲ.

ಇನ್ನೂ ಇದೆ. ಮನೆಗೆ ಬಂದು ಕುಡಿಗಳನ್ನು ಎಣಿಸಲು ಕೂತ. ಹತ್ತು ಹತ್ತು ಕುಡಿಗೆ ಬಾಳೆನಾರಿನಲ್ಲಿ ಒಂದೊಂದು ಕಟ್ಟು. ನಾಲ್ಕು ಕಟ್ಟು, ಬಿಡಿ ಆರು. "ನಲ್ವತ್ತಾರು" ಅಂದ. ಸ್ನೇಹಿತರೇ, ಜೂನ್ ತಿಂಗಳಿಂದ ಬೆಂಕಿಕಡ್ಡಿ ಕಟ್ಟು ಹಿಡಿದು ಹತ್ತು-ಬಿಡಿ, ಹತ್ತು-ಬಿಡಿ ಅಂತ ಗಂಟಲು ಹರಿದುಕೊಂಡಿದ್ದೆ. ಅವನಿಗೆ ಸ್ಥಾನಬೆಲೆ ಬರುವುದಿಲ್ಲ ಅಂತ ಷರಾ ಬರೆದಿದ್ದೆ. ಅಜ್ಜಿಗೆ ಹೇಳಿದೆ: ನೂರೊಂದಕ್ಕೆ ಇನ್ನೂ ಐವತ್ತೈದು ಕಮ್ಮಿ ಇದೆಯಲ್ಲ? ಅವಳು ಎಲೆ-ಅಡಿಕೆ ಮೆಲ್ಲುತ್ತ, "ಸಿಕ್ಕಿದ್ದಷ್ಟು ಅಕ್ಕೋರೇ. ಭೂಮ್ತಾಯಿ ಎಂತ ಎಣ್ಸಿ ನೋಡ್ತಾಳಾ?" ಅಂದಳು. ಮೌಲ್ಯಮಾಪನ ಅಂದರೆ ಹೀಗಿರಬೇಕು.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಕೇಳುತ್ತಾರೆ: ಆಮೇಲೆ ಅವನು ಏನಾದ, ಅಗ್ರಿಕಲ್ಚರ್ ಆಫೀಸರ್ ಆದನಾ ಅಂತ. ಇಲ್ಲ ಮಾರಾಯರೇ. ಆ ಅವಧಿಯ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ಸಿ. ಈಗ ಅಡಿಕೆ ಗೊನೆ ಕೊಯ್ಯುವ ಕೊನೆಗೌಡನ ಕೆಲಸ ಮಾಡುತ್ತಾನೆ, ಮರದ ತುದಿಯಿಂದ ಮಿಣಿ ಹಗ್ಗದಲ್ಲಿ ಗೊನೆ ಜಾರಿಸುತ್ತಾನೆ. ಅವನ ಒಂದು ದಿನ ಸಿಗಬೇಕಾದರೆ ತೋಟದ ಯಜಮಾನರು ಅವನ ಮನೆ ಬಾಗಿಲಲ್ಲಿ ಕಾಯಬೇಕು. ಓದು ಬರಹ ಇನ್ನಷ್ಟು ಬಂದಿದ್ದರೆ ಬೇರೆ ದಾರಿಯೂ ಅವನಿಗೆ ತೆರೆಯುತ್ತಿತ್ತು. ಆ ದಾರಿಗೆ ಅಡ್ಡ ಬಂದದ್ದರಲ್ಲಿ ನನ್ನ ಕೆಂಪು ಪೆನ್ನೂ ಒಂದು. ಹಾಗಾಗಿ "ಸೊಪ್ಪಿನ ಹೆಸರು ಗೊತ್ತಿದ್ದರೆ ಸಾಕು, ಓದು ಬೇಡ" ಅಂತ ನಾನು ಹೇಳಿದೆ ಎಂದು ಯಾರೂ ವರದಿ ಬರೆಯಬೇಡಿ. ಅವನಿಗೆ ಓದು ಕಲಿಸಲು ಇದ್ದ ಒಂದೇ ಏಣಿ ಕನ್ನೆಕುಡಿ. ಅದನ್ನೇ ಕತ್ತರಿಸಿದೆ.

ಏಣಿ ಅಂದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ಶುರುವಾದದ್ದು ಯಾರಿಂದ? ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ನಮ್ಮಂಥ ಶಿಕ್ಷಕರಿಂದ. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ಎಲ್ಲ ತರಗತಿಯ ಒಳಗೆ ಕೂತವರೇ ಕಟ್ಟಿದ್ದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ತತ್ವವೇ ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಅನ್ನುವುದು. ಆದೇಶ ಇಲ್ಲದೆ ನಾವೇನು ಮಾಡೋಣ ಅನ್ನುವವರಿಗೆ ಇದನ್ನು ಹೇಳಿದೆ. ಆದೇಶ ಬಂದು ಇಪ್ಪತ್ತು ವರ್ಷ ಆಯಿತು.

2025ರ ದಸರಾ ರಜೆಯದ್ದು ನಿಮಗೆ ಇನ್ನೂ ಹಸಿ ಗಾಯ, ಗೊತ್ತು. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ರಜೆ, ಶಿಕ್ಷಕರು ಮನೆಮನೆಗೆ ಹೋಗಿ ಮಾಡಬೇಕಿದ್ದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ 18ರವರೆಗೆ ಹಿಗ್ಗಿತು. ರಜೆ ಮಕ್ಕಳಿಗೆ, ಬಿಸಿಲು ನಿಮಗೆ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವರು ಎಷ್ಟು ಜನ ಇದ್ದೀರಿ? ಕೈ ಇಳಿಸಿ, ಎಣಿಸಲು ಆಗುವುದಿಲ್ಲ. ನಮ್ಮ ಒಬ್ಬ ಎಳೆಯ ಶಿಕ್ಷಕಿ ಹೇಳಿದಳು: ಭೂಮಿ ಹುಣ್ಣಿಮೆಯ ದಿನ ಹೋದ ಮನೆಗಳಿಗೆಲ್ಲ ಬೀಗ, ಎಲ್ಲರೂ ಗದ್ದೆಯಲ್ಲಿ. ಅವಳೂ ಗದ್ದೆಗೇ ಹೋದಳು. ಹಾಳಿ, ಅಂದರೆ ಗದ್ದೆಯ ಬದುವಿನ ಮೇಲೆ ಕೂತು, ಬಾಳೆಲೆಯಲ್ಲಿ ಕಡುಬು ಇಟ್ಟುಕೊಂಡು ಅರವತ್ತು ಪ್ರಶ್ನೆ ತುಂಬಿದಳಂತೆ. ಅವಳದೇ ತರಗತಿಯ ಹುಡುಗಿ ಪಕ್ಕದಲ್ಲಿ ನಿಂತು ಕಾಗೆಗೆ ಯಾವ ಎಡೆ, ಇಲಿಗೆ ಯಾವುದು, ಭೂಮಿಯಲ್ಲಿ ಹೂಳುವುದು ಯಾವುದು ಅಂತ ವಿವರಿಸುತ್ತಿದ್ದಳಂತೆ. ಅರವತ್ತರಲ್ಲಿ ಆ ಪ್ರಶ್ನೆ ಇರಲಿಲ್ಲ.

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಗ್ಗೆ ಒಂದು ಮಾತು. ತೀರ್ಪುಗಾರಳಾಗಿ ಕೂತು ಕೂತು ನನಗೆ ಛದ್ಮವೇಷ ಕಂಡರೆ ನಿದ್ದೆ ಬರುತ್ತದೆ. ವರ್ಷಕ್ಕೆ ಎಂಟು ಓಬವ್ವ, ಆರು ವಿವೇಕಾನಂದ. ಕಂಠಪಾಠಕ್ಕೆ ಬಹುಮಾನ ಇದೆ, ಮಣ್ಣಿನ ಮಾದರಿಗೆ ಇದೆ, ಮಿಮಿಕ್ರಿಗೂ ಇದೆ, ಇರಲಿ. ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಮಟ್ಟದಲ್ಲಾದರೂ ನಾವೇ ಒಂದು ಸ್ಪರ್ಧೆ ಸೇರಿಸಿಕೊಳ್ಳಬಾರದೇ? ಎದುರಿಗೆ ಇಪ್ಪತ್ತು ಎಲೆ ಇಟ್ಟು ಹೆಸರು ಹೇಳು ಅನ್ನುವುದು. ತೀರ್ಪುಗಾರರಾಗಿ ಅಜ್ಜಿಯಂದಿರು. ಅದು ಜಿಲ್ಲಾ ಮಟ್ಟಕ್ಕೆ ಹೋಗದಿದ್ದರೂ ಪರವಾಗಿಲ್ಲ. ಇಂಥದ್ದೊಂದು ಇಲ್ಲದಿದ್ದರೆ ಅಲ್ಲಿಯೂ ಬೇವಿಗೆ ಮಾರ್ಕು…

ಚೀಟಿ ಬಂತು. "ಐದು ನಿಮಿಷ" ಅಂತಿದೆ. ಬರೆದುಕೊಂಡು ಬಂದದ್ದರಲ್ಲಿ ಇನ್ನೂ ನಾಲ್ಕು ಪುಟ ಇದೆ, ಹಾರಿಸುತ್ತೇನೆ. ಕ್ರೀಡಾಕೂಟ: ಗೆಲ್ಲುವ ಎರಡು ಮಕ್ಕಳಿಗಾಗಿ ಉಳಿದ ಮೂವತ್ತು ಮಕ್ಕಳನ್ನು ಚಪ್ಪಾಳೆಗೆ ಕೂರಿಸಬೇಡಿ. ಪ್ರವಾಸ: ಮೈಸೂರಿಗೆ ಹೋಗಿ, ಬೇಡ ಅನ್ನುವುದಿಲ್ಲ, ಆದರೆ ಪಕ್ಕದ ತಾಲೂಕಿನ ಶಾಲೆಗೂ ಒಂದು ದಿನ ಹೋಗಿ. ನಮ್ಮ ಅಡಿಕೆ ಮಕ್ಕಳು ಗೌಳಿವಾಡೆ ನೋಡಿಲ್ಲ. ಮಕ್ಕಳ ಸಂತೆ: ಅದನ್ನು ದೀಪಾವಳಿಗೆ ಮುಂಚೆ ಇಡಿ. ಗೋಪೂಜೆಗೆ ಕಟ್ಟುವ ಅಡಿಕೆ ಸರವನ್ನು ಮಕ್ಕಳೇ ಪೋಣಿಸಿ ಮಾರಲಿ, ಲಾಭ-ನಷ್ಟದ ಅಧ್ಯಾಯ ಅಲ್ಲೇ ಮುಗಿಯುತ್ತದೆ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ: ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಶೇಕಡಾ ಲೆಕ್ಕ ಕಲಿಸಲು ಇದಕ್ಕಿಂತ ಬೇಕೆ? ಮದ್ದು ಮಾತ್ರ ಮಕ್ಕಳ ಕೈಗೆ ಕೊಡಬೇಡಿ.

ರಜೆಯ ಮನೆಗೆಲಸದ ಬಗ್ಗೆ ಆರು ಅಂಶ ಬರೆದಿದ್ದೆ, ಒಂದೇ ಹೇಳುತ್ತೇನೆ. ಮುಂದಿನ ದಸರೆಗೆ ಕಾಪಿ ಬದಲು ಒಂದು ಪುಟ ಕೇಳಿ: ರಜೆಯಲ್ಲಿ ಯಾರ ಜೊತೆ ಏನು ಕೆಲಸ ಮಾಡಿದೆ, ಅದರಲ್ಲಿ ಅಕ್ಕೋರಿಗೆ, ಮಾಸ್ತರಿಗೆ ಗೊತ್ತಿಲ್ಲದ್ದು ಏನು? ಓದುವಾಗ ಕೆಂಪು ಪೆನ್ನು ಟೇಬಲ್ಲಿನ ಡ್ರಾಯರಿನಲ್ಲಿರಲಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸಿದೆ. ಹೊರಗೆ ಚಹಾ ಇಟ್ಟಿದ್ದಾರೆ. ಅದರ ಪಕ್ಕದ ಬುಟ್ಟಿ ನಾನು ತಂದದ್ದು, ಬೆಳಿಗ್ಗೆ ಬೇಲಿಯಿಂದ ಕೊಯ್ದ ಇಪ್ಪತ್ತು ಬಗೆ ಕುಡಿ. ಹೆಸರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಹೋಗಿ. ಅಕ್ಕಪಕ್ಕದವರದ್ದು ನೋಡಿ ಬರೆಯಬೇಡಿ. ಒಂದು ತುರಚಿ ಇದೆ, ಕೈ ಹಾಕುವ ಮುಂಚೆ ನೋಡಿಕೊಳ್ಳಿ. ಯಾವುದು ಅಂತ ನಾನು ಹೇಳುವುದಿಲ್ಲ.