ಹಠಮಾರಿ ಉಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ. ಉಪ್ಪು ಅಂದರೆ ನೀರಿಗೆ ಹಾಕಿದ ಕೂಡಲೇ ಕರಗಿಬಿಡುತ್ತೆ, ಅಲ್ವಾ? ಕ್ಯಾಲ್ಸಿಯಂ ಫ್ಲೋರೈಡ್ ಕೂಡ ರಸಾಯನಶಾಸ್ತ್ರದ ಲೆಕ್ಕದಲ್ಲಿ ಉಪ್ಪೇ, ಆದರೆ ಒಂದು ಲೀಟರ್ ನೀರಿನಲ್ಲಿ ಎಷ್ಟೇ ಕಲಕಿದರೂ ಕರಗುವುದು ಸುಮಾರು 16 ಮಿಲಿಗ್ರಾಂ ಮಾತ್ರ. ಬೆಂಕಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. 1,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ದ್ರವವಾಗುತ್ತದೆ. ಒಂದೊಂದು ಕ್ಯಾಲ್ಸಿಯಂ ಅಯಾನನ್ನು (ಅಯಾನು ಅಂದರೆ ವಿದ್ಯುದಂಶ ಹೊತ್ತ ಕಣ) 8 ಫ್ಲೋರೈಡ್ ಅಯಾನುಗಳು ಸುತ್ತುವರಿದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ, ಅದಕ್ಕೇ ಈ ಹಠ.

ತಯಾರಿಸೋದು ನೋಡೋಕೆ ಸುಲಭ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಫ್ಲೋರೈಡ್ ದ್ರಾವಣ ಸುರಿದರೆ ಸಾಕು, ತಕ್ಷಣ ಹಾಲಿನಂತೆ ಬೆಳ್ಳಗಾಗುತ್ತದೆ. ಗೋಳು ಶುರುವಾಗೋದು ಸೋಸುವಾಗ. ಕಣಗಳು ಎಷ್ಟು ಸಣ್ಣ ಅಂದರೆ ಲೋಳೆಯ ಹಾಗೆ ಸೋಸುಕಾಗದಕ್ಕೆ ಅಂಟಿಕೊಳ್ಳುತ್ತವೆ, ಇಲ್ಲವೇ ಅದನ್ನೂ ದಾಟಿ ಕೆಳಗಿಳಿಯುತ್ತವೆ. ಅದರ ಬದಲು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಗೆ ಹೈಡ್ರೊಫ್ಲೋರಿಕ್ ಆಮ್ಲ ಹಾಕಿದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳು ಎದ್ದು, ಕೊನೆಗೆ ಸೋಸಲು ಬರುವಂಥ ಪುಡಿ ಸಿಗುತ್ತದೆ.

ಸುಮ್ನೆ ಮನೆಯಲ್ಲಿ ಮಾಡಿ ನೋಡೋಣ ಅಂತ ಮಾತ್ರ ಹೊರಡಬೇಡಿ! ಈ ಆಮ್ಲ ಗಾಜನ್ನೇ ತಿನ್ನುತ್ತೆ, ಪ್ಲಾಸ್ಟಿಕ್ ಪಾತ್ರೆಯೇ ಬೇಕು. ತೆಳು ಆಮ್ಲ ಚರ್ಮಕ್ಕೆ ತಾಗಿದರೆ ಮೊದಮೊದಲು ಉರಿಯೂ ಗೊತ್ತಾಗದೆ ಹೋಗಬಹುದು, ಆದರೆ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿ ಇದೇ ಕರಗದ ಉಪ್ಪಾಗುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಮುಲಾಮು ಕೈಗೆಟುಕುವಂತೆ ಇಟ್ಟಿರುತ್ತಾರೆ. ಬೇಕಾದಷ್ಟು ಕ್ಯಾಲ್ಸಿಯಂ ಹೊರಗಿಂದಲೇ ಕೊಟ್ಟುಬಿಟ್ಟರೆ ಆಮ್ಲ ಅದನ್ನೇ ಹಿಡಿದುಕೊಂಡು ಸುಮ್ಮನಾಗಲಿ ಅಂತ.

ತಮಾಷೆ ನೋಡಿ, ಆ ಆಮ್ಲ ಹುಟ್ಟೋದೂ ಇದೇ ವಸ್ತುವಿನಿಂದ. ಕ್ಯಾಲ್ಸಿಯಂ ಫ್ಲೋರೈಡ್ ಗಣಿಯಲ್ಲಿ ಫ್ಲೋರೈಟ್ ಎಂಬ ಕಲ್ಲಾಗಿ ಸಿಗುತ್ತದೆ, ನೇರಳೆ, ಹಸಿರು, ಹಳದಿ ಹೀಗೆ ನಾನಾ ಬಣ್ಣ. 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಅವರು ‘ಫ್ಲೋರೆಸೆನ್ಸ್’ (ಬೆಳಕು ಬಿದ್ದಾಗ ವಸ್ತು ಬೇರೆ ಬಣ್ಣದಲ್ಲಿ ಹೊಳೆಯುವುದು) ಎಂಬ ಪದ ಕಟ್ಟಿದ್ದು ಈ ಕಲ್ಲಿನ ಹೆಸರಿನಿಂದಲೇ. ಇದರ ಪುಡಿಗೆ ಗಂಧಕಾಮ್ಲ ಹಾಕಿ ಕಾಯಿಸಿದರೆ ಹೈಡ್ರೊಫ್ಲೋರಿಕ್ ಆಮ್ಲ ಆವಿಯಾಗಿ ಬರುತ್ತದೆ.

ಹಾಗಾದರೆ ಕಲ್ಲನ್ನು ಆಮ್ಲ ಮಾಡಿ, ಆಮ್ಲವನ್ನು ಮತ್ತೆ ಅದೇ ವಸ್ತು ಮಾಡೋ ಕರ್ಮ ಯಾಕೆ? ಲೆನ್ಸಿಗಾಗಿ. ಕಲ್ಲಿಗೆ ಬಣ್ಣ ಕೊಡುವುದರಲ್ಲಿ ಕಲಬೆರಕೆಯ ಪಾಲಿದೆ. ಶುದ್ಧ ಹರಳಿಗೆ ಬಣ್ಣವೇ ಇಲ್ಲ, ಮಾಮೂಲಿ ಗಾಜು ತಡೆಯುವ ಅತಿನೇರಳೆ ಕಿರಣವೂ ಅದರಲ್ಲಿ ಹಾದುಹೋಗುತ್ತದೆ. ಅಂಥ ಹರಳಿಗಾಗಿ ಶುದ್ಧ ಪುಡಿಯನ್ನು ನಿರ್ವಾತ ಕುಲುಮೆಯಲ್ಲಿ ಕರಗಿಸಿ, ಆಮ್ಲಜನಕದ ಅಂಶ ತೆಗೆಯಲು ಚೂರು ಸೀಸದ ಫ್ಲೋರೈಡ್ ಬೆರೆಸಿ, ತುಂಬಾ ನಿಧಾನವಾಗಿ ತಣಿಸುತ್ತಾರೆ. ಅವಸರ ಮಾಡಿದರೆ ಬಿರುಕು ಬಿಡುತ್ತೆ.